ಅಂಚಿನ ಸಾಲಿನ ಸುದ್ದಿ

ತಿತಿಮತಿಯ ಕಾಫಿ ಎಸ್ಟೇಟೊಂದರಲ್ಲಿ ಆಳುಗಳ ಲೆಕ್ಕಪತ್ರ ನೋಡುವ ರೈಟರ್ ಅವರು ಕಿವಿಗೂ ಹೆಗಲಿಗೂ ನಡುವೆ ಮೊಬೈಲ್ ಸಿಕ್ಕಿಸಿಕೊಂಡೇ ಹಾಜರಿ ಬರೆಯುತ್ತಿದ್ದರು. ತೋಟದ ನಾಲ್ಕು ಬ್ಲಾಕುಗಳ ಮೇಸ್ತ್ರಿಗಳು ಫೋನಿನಲ್ಲೇ ಗಿಡಗಿಡದ ವರದಿ ಒಪ್ಪಿಸುತ್ತಿದ್ದುದರಿಂದ ಹಣ್ಣು ಕೊಯ್ಯುವ ಪಿಕಿಂಗ್ ಕೆಲಸ ಹಿಂದೆ ಬಿದ್ದಿತ್ತು. ಅಲ್ಲಿ ಅತಿಥಿಯಾಗಿದ್ದ ನನಗೆ, ದೊಡ್ಡ ಲೆಕ್ಕವನ್ನು ಕಂಪ್ಯೂಟರಿನ ಹಲವು ಪ್ರೊಸೆಸರುಗಳಿಗೆ ಹಂಚುವುದು ಹಿಂದೆ ವೃತ್ತಿಯಾಗಿತ್ತು. ಅವೂ ಲೆಕ್ಕಕ್ಕಿಂತ ತಮ್ಮತಮ್ಮೊಳಗಿನ ಮಾತಿನಲ್ಲೇ ಹೆಚ್ಚು ಹೊತ್ತು ಕಳೆಯುವುದರಿಂದ, ಪ್ರತಿಯೊಂದೂ ತನ್ನ ಪಾಲಿನ ಅಂಚಿನ ಸಾಲಿನ ಅಂಕಿಗಳನ್ನಷ್ಟೇ ನೆರೆಯವಕ್ಕೆ ತಿಳಿಸುವಂತೆ ಏರ್ಪಡಿಸುತ್ತಿದ್ದೆವು ಎಂದು ಅವರಿಗೆ ಹೇಳಿದೆ.

ಅಂದಿನಿಂದ ಮೇಸ್ತ್ರಿಗಳಿಗೆ ಅವರದು ಒಂದೇ ಮಾತು: "ಅಂಚಿನ ಸಾಲಿಂದು ಮಾತ್ರ ಹೇಳಿ ಮಾರಾಯ್ರೆ, ಒಳಗಿಂದು ನಂಗೆ ಬೇಡ." ಪಿಕಿಂಗ್ ಚುರುಕಾಯಿತು.

ಮುಂದಿನದು ನಡೆದದ್ದು ಮಂಗಳವಾರವೆಂದು ನನ್ನ ದಿನಚರಿ ಹೇಳುತ್ತದೆ, ಬುಧವಾರವೆಂದು ಅವರ ಹಾಜರಿ ಪುಸ್ತಕ. ತಾಳೆ ನೋಡಿ ಬುಧವಾರವನ್ನೇ ಒಪ್ಪಿದ್ದೇನೆ. ನಾವಿಬ್ಬರೂ ಮೂರನೆಯ ಬ್ಲಾಕಿನಲ್ಲಿದ್ದಾಗ ಪಕ್ಕದ ಬ್ಲಾಕಿನ ಮೇಸ್ತ್ರಿ ಕರೆ ಮಾಡಿದ.

"ಸಾರ್, ಆನೆ ನಿಮ್ಮ ಅಂಚಿನ ಸಾಲಿಗೆ ಬಂತು."

"ಆನೆಯಾ? ಎಷ್ಟೊತ್ತಿಂದ ಉಂಟು?"

"ಬೆಳಿಗ್ಗೆಯಿಂದ ಸಾರ್. ನಾವು ಆಗಲೇ ಲೈನ್ ಮನೆಗಳಿಗೆ ಓಡಿ ಬಂದ್ವಿ. ಅದು ನಮ್ಮ ಬ್ಲಾಕಿನ ಒಳಗೆ ಬಾಳೆ ತಿಂತಾ ಇತ್ತು, ಹಂಗಾಗಿ ಹೇಳ್ಲಿಲ್ಲ."

ಮರಕ್ಕೆ ಒರಗಿಸಿದ್ದ ಕಾಳುಮೆಣಸು ಕೊಯ್ಯುವ ಏಣಿ ಹತ್ತಿರವಿದ್ದುದರಿಂದ ಅದನ್ನೇರಿ ಜೀವ ಉಳಿಸಿಕೊಂಡೆವು. ಆನೆ ಕೆಳಗೆ ನಿಂತು, ಕೈಜಾರಿ ಬಿದ್ದಿದ್ದ ಹಾಜರಿ ಪುಸ್ತಕವನ್ನು ಮೂಸುತ್ತಿತ್ತು. ನನ್ನ ಮೇಲಿನ ಮೆಟ್ಟಿಲಲ್ಲಿದ್ದ ರೈಟರ್ ಅವರು ಮರವನ್ನು ಒಂದು ಕೈಯಲ್ಲಿ ತಬ್ಬಿಕೊಂಡು, ನಾಲ್ಕೂ ಮೇಸ್ತ್ರಿಗಳಿಗೆ ಫೋನ್ ಮಾಡಿ ಪಿಸುದನಿಯಲ್ಲಿ ನಿಯಮವನ್ನು ತಿದ್ದಿದರು:

"ಇನ್ನು ಮೇಲೆ ಆನೆ ಎಲ್ಲಿದ್ರೂ ಅದೇ ಅಂಚು."