ಗುಂಡಿಗೆ ಹೆಪ್ಪು

ಫಿನಾಯಿಲ್ ಎಂಬುದು ಶುಚಿತ್ವದ ವಾಸನೆಯೇ ಹೊರತು ಶುಚಿತ್ವವಲ್ಲ ಎಂದು ನಂಬಿರುವ ಅಲ್ಪಸಂಖ್ಯಾತರಲ್ಲಿ ನಾನೊಬ್ಬ. ನಮ್ಮ ಮನೆಯ ಮಟ್ಟಿಗಂತೂ ನಾನೊಬ್ಬನೇ. ಕುರಿರೊಪ್ಪದ ಪಕ್ಕದಲ್ಲೇ ಹುಟ್ಟಿ ಬೆಳೆದ ನಮ್ಮವ್ವ, ತನ್ನೂರು ತಳಕು ಬಿಟ್ಟು ಚಳ್ಳಕೆರೆಯ ನನ್ನ ಮನೆಗೆ ಬಂದವಳೇ ಕಕ್ಕಸಿಗೆ ಎರಡು ಹೊತ್ತೂ ಫಿನಾಯಿಲ್, ಆಸಿಡ್ಡುಗಳ ಅಭಿಷೇಕ ಶುರುಮಾಡಿದಳು. ಬೇಸಿಗೆಯ ಹೊತ್ತಿಗೆ ಹಿತ್ತಿಲ ಕಕ್ಕಸುಗುಂಡಿ ನಾರತೊಡಗಿತು. ಪರಿಮಲದ ‘ಪರಿ’ ಹಾರಿ ಬರೀ ಮಲ ಉಳಿದಂತಾಯಿತು.

ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವನು, ಅಂದರೆ ಆಕಳಿಕೆಗಳ ಬಗ್ಗೆ ಅಪಾರ ಅನುಭವವುಳ್ಳವನು. ಅವ್ವನನ್ನು ಕೂರಿಸಿಕೊಂಡು ವಿವರಿಸಿದೆ: ಗಾಳಿಯಾಡದ ಆ ಕತ್ತಲಲ್ಲಿ ಬ್ಯಾಕ್ಟೀರಿಯಾಗಳಿವೆ, ಮಲದ ಪ್ರೋಟೀನನ್ನೂ ಮೂತ್ರದ ಯೂರಿಯಾವನ್ನೂ ಒಡೆದು ಅಮೋನಿಯಾ ಮಾಡುತ್ತವೆ, ನೀರು ಇಂಗುವ ಮಣ್ಣಿನಲ್ಲಿ ಬೇರೆ ಬಳಗಗಳು ಒಂದರ ನಂತರ ಒಂದು ಅದಕ್ಕೆ ಕೈಹಚ್ಚಿ, ಕಡೆಗೆ ಗಾಳಿ ತಲುಪದ ಆಳದವು ಅದನ್ನು ವಾಸನೆಯೇ ಇಲ್ಲದ ನೈಟ್ರೋಜನ್ ಮಾಡಿ ಬಿಟ್ಟುಬಿಡುತ್ತವೆ, ನಿನ್ನ ಫಿನಾಯಿಲ್ ಮೊದಲ ಬಳಗವನ್ನೇ ಕೊಂದಿದೆ, ಅದಕ್ಕೇ ಮಲ ಕರಗದೆ ಕೂತು ನಾರುತ್ತಿದೆ. ಅವ್ವ ಎಲ್ಲವನ್ನೂ ಕೇಳಿ, ನಾರುತ್ತಿರುವುದರಿಂದ ಇನ್ನೂ ಹೆಚ್ಚು ಹಾಕಬೇಕೆಂದು ತೀರ್ಮಾನಿಸಿದಳು. ಬಾಟಲಿ ಬಚ್ಚಿಟ್ಟೆ, ಬ್ಲೀಚಿಂಗ್ ಪೌಡರ್ ತರಿಸಿದಳು. ಇಂಥವಳೊಡನೆ ಏನು ವಾದಿಸುವುದು, ನೀವೇ ಹೇಳಿ.

ಅಷ್ಟರಲ್ಲಿ ಪಕ್ಕದ ಮನೆಯ ಓಬಕ್ಕ ಬರುವುದನ್ನು ನಿಲ್ಲಿಸಿದಳು. ಆಂಧ್ರದ ಗಡಿಯ ರಾಂಪುರದ ಕಡೆಯವಳು, ದಿನಾ ಸಂಜೆ ನಮ್ಮ ಹಿತ್ತಿಲಲ್ಲಿ ಕೂತು ಅವ್ವನೊಡನೆ ಎಲೆಯಡಿಕೆ ಮೆಲ್ಲುತ್ತ, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಲೋಕಾಭಿರಾಮ ಮಾತಾಡುವವಳು. ಈ ಊರಲ್ಲಿ ಅವ್ವನಿಗಿದ್ದ ಗೆಳತಿ ಅವಳೊಬ್ಬಳೇ. ಮೊದಲು ಮೊಣಕಾಲು ನೋವೆಂದಳು, ಆಮೇಲೆ ಮನೆಗೆ ನೆಂಟರೆಂದಳು. ಕಡೆಗೆ ಅವ್ವನೇ ಹೋಗಿ ಕೇಳಿದಾಗ ತಲೆ ತಗ್ಗಿಸಿ, “ತಪ್ಪು ತಿಳ್ಕಾಬ್ಯಾಡಕ್ಕಾ, ನಿಮ್ಮ ಹಿತ್ಲಾಗೆ ಕುಂತು ಬಂದ್ರೆ ಉಣ್ಣಾಕಾಗಲ್ಲ” ಅಂದಳಂತೆ.

ಅಂದು ಅವ್ವನೂ ಉಣ್ಣಲಿಲ್ಲ. ಮರುದಿನ ಬಂದು ನನ್ನೆದುರು ಕೂತಳು.

“ಅವು ಸತ್ತೋದ್ರೆ ಮತ್ತೆ ಹುಟ್ಟಲ್ವೇನಪ್ಪಾ?”

ಗಡಿಗೆಯ ಹಾಲಿಗೆ ಹೆಪ್ಪು ಹಾಕಿದಂತೆ ಗುಂಡಿಗೆ ಸಗಣಿ ಬಗ್ಗಡ ಹುಯ್ಯಬೇಕು, ಅದರಲ್ಲಿ ಅವು ಬೇಕಾದಷ್ಟಿವೆ, ಆದರೆ ಫಿನಾಯಿಲ್ ಬಿಡಬೇಕು ಎಂದೆ. ನೈಟ್ರೋಜನ್ ತಲುಪದ ಜಾಗಕ್ಕೆ ಹೆಪ್ಪು ತಲುಪಿತು. ಅವ್ವ ಬಕೆಟ್ ಹಿಡಿದು ಓಬಕ್ಕನ ಎಮ್ಮೆಯ ಸಗಣಿಯನ್ನೇ ಬೇಡಿ ತಂದಳು. ಮೂಗಿಗೆ ಸೆರಗು ಕಟ್ಟಿಕೊಂಡು ಬಂದ ಓಬಕ್ಕನೇ ಅದನ್ನು ಕದಡಿಕೊಟ್ಟಳು.

ವಾಸನೆ ಇಳಿಯಲು ತಿಂಗಳುಗಳೇ ಹಿಡಿದವು. ಅಷ್ಟೂ ದಿನ ಅವ್ವ, ತಡಕ್ಕೆ ನಾನೇ ಕಾರಣವೆಂಬಂತೆ ನನ್ನನ್ನು ವಿಚಾರಣೆ ಮಾಡಿದಳು. ಈಗ ಗೆಳತಿಯರಿಬ್ಬರೂ ಸಂಜೆ ಕೂರುವುದು ಗುಂಡಿಯ ಚಪ್ಪಡಿಯ ಮೇಲೆಯೇ. ಕಾಲೇಜಿನಿಂದ ದಣಿದು ಬಂದ ಜೀವಶಾಸ್ತ್ರಜ್ಞ ಅವರಿಗೆ ಚಹಾ ಕಾಸಿ ಒಯ್ದು ಕೊಡಬೇಕು.