ತಾಳೆಯಾಗದ ಅರವತ್ನಾಲ್ಕು ಅಕ್ಷರಗಳು

ನನ್ನ ತಂಗಿಯ ಗಂಡನನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಪವಾಯಿಯ ಐಟಿ ಆಫೀಸಿನಲ್ಲಿ ಅವರದು ದೊಡ್ಡ ಹುದ್ದೆ. ಅದಕ್ಕೆ ನನ್ನ ತಕರಾರಿಲ್ಲ. ಯಾರು ಏನು ಕೇಳಿದರೂ ಮೊದಲು ನಕ್ಕು, ಆಮೇಲೆ ಉತ್ತರ ಕೊಡುವ ಅವರ ರೀತಿಗೆ ನನ್ನ ಮೈ ಉರಿಯುತ್ತಿತ್ತು. ಅಪ್ಪನಿಗೆ ಮಾತ್ರ ಅಳಿಯ ಎಂದರೆ ದೇವರ ಸಮಾನ. ಅಪ್ಪನ ಜೊತೆಗೇ ಇದ್ದು, ಆಫೀಸಿಗೂ ಹೋಗಿ, ಎರಡು ಹೊತ್ತು ಬೇಯಿಸಿ ಹಾಕುವ ನಾನು ಏನು ಹೇಳಿದರೂ ಅದು ಗೊಣಗಾಟ. ತಿಂಗಳಿಗೊಮ್ಮೆ ಬಂದುಹೋಗುವ ಅಳಿಯ ಹೇಳಿದ್ದು ವೇದವಾಕ್ಯ.

ಅಪ್ಪ ಚೆಂಬೂರಿನ ಹತ್ತಿರದ ರಿಫೈನರಿಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಅವ್ವ ತೀರಿಕೊಂಡ ಮೇಲೆ ಅವರಿಗೆ ಹಗಲು ಕಳೆಯುವುದೇ ಕಷ್ಟವಾಗಿತ್ತು. ಆಗ ಅವರಿಗೆ ಹಿಡಿದದ್ದು ಕಂಪ್ಯೂಟರಿನಲ್ಲಿ ರೈಲು ಓಡಿಸುವ ಆಟ. ಪರದೆಯ ಮೇಲೆ ಹಳಿ, ಸಿಗ್ನಲ್, ಪ್ಲಾಟ್‌ಫಾರ್ಮು. ಬೆಳಿಗ್ಗೆ ಸ್ನಾನ ಮುಗಿಸಿ ಕೂತರೆ ಮಧ್ಯಾಹ್ನದ ಊಟದವರೆಗೆ ಅವರು ಡ್ರೈವರ್. ಪಕ್ಕದ ಬಿಲ್ಡಿಂಗಿನಲ್ಲಿ ಅವರ ಹಳೆಯ ಸ್ನೇಹಿತರೊಬ್ಬರಿದ್ದರು. ಅವರೂ ನಮ್ಮ ಹಾಗೆ ವಿಜಯಪುರದ ಕಡೆಯವರು, ಅದೇ ರಿಫೈನರಿಯವರು, ಅವರ ಹೆಂಡತಿಯೂ ತೀರಿಹೋಗಿ ಎರಡು ವರ್ಷವಾಗಿತ್ತು. ಅವರಿಗೂ ಅಪ್ಪನೇ ಈ ಹುಚ್ಚು ಹಿಡಿಸಿದ್ದರು.

ಯಾರೋ ಹವ್ಯಾಸಿಗಳು ನಮ್ಮ ಲೋಕಲ್ ರೈಲಿನ ಹಾರ್ಬರ್ ಲೈನನ್ನೇ ಆಟಕ್ಕೆ ಇಳಿಸಿದ್ದಾರೆ, ಅದರಲ್ಲಿ ನಮ್ಮ ಚೆಂಬೂರು ಸ್ಟೇಷನ್ ಕೂಡ ಇದೆ ಎಂಬ ಸುದ್ದಿ ಅವರಿಬ್ಬರ ಕಿವಿಗೆ ಬಿತ್ತು. ಆ ಹವ್ಯಾಸಿಗಳ ವೆಬ್‌ಸೈಟಿನಿಂದ ಪುಕ್ಕಟೆಯಾಗಿಯೇ ಇಳಿಸಿಕೊಳ್ಳಬಹುದಿತ್ತು, ಆದರೆ ಬಹಳ ನಿಧಾನ. ‘ಶನಿವಾರ ನಾನ ಇಳಿಸಿಕೊಡ್ತೀನಿ’ ಎಂದಿದ್ದೆ. ಅಪ್ಪ ನನಗಾಗಿ ಕಾಯಲಿಲ್ಲ, ಅಳಿಯನಿಗೆ ಫೋನ್ ಮಾಡಿದರು. ಭಾನುವಾರ ಅಳಿಯ ಪೆನ್‌ಡ್ರೈವ್ ಹಿಡಿದು ಬಂದರು.

ಊಟವಾದ ಮೇಲೆ ಅವರು ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಆ್ಯಂಟಿವೈರಸ್ ಕೆಂಪು ಚೌಕ ತೋರಿಸಿ ಕೂಗಿಕೊಂಡಿತು. ಅವರು ನಕ್ಕರು. ಎರಡೇ ಕ್ಲಿಕ್ಕಿನಲ್ಲಿ ಅದರ ಬಾಯಿ ಮುಚ್ಚಿಸಿದರು.

‘ಯಾಕ ಬಂದ್ ಮಾಡಿದ್ರಿ?’ ಎಂದೆ.

‘ಅರೆ ದೀದಿ, ಗೇಮ್ ಅಂದ್ರ ಅದು ಯಾವಾಗ್ಲೂ ಹಿಂಗ ಚೀರ್ತದ. ಇದರಾಗ ಎಲ್ಲಾ ರೂಟ್ ಅನ್‌ಲಾಕ್ ಅದಾವ.’

ಫೋರ್ಟ್ ಏರಿಯಾದ ಬ್ಯಾಂಕೊಂದರಲ್ಲಿ ನನ್ನ ಕೆಲಸವೇ ತಾಳೆ ನೋಡುವುದು. ಕಾಗದದ ಮೇಲಿನ ಸಹಿ ನಮ್ಮಲ್ಲಿರುವ ಮಾದರಿ ಸಹಿಗೆ ಹೊಂದದಿದ್ದರೆ, ಎದುರಿಗೆ ನಿಂತವರು ಯಾರೇ ಆಗಿರಲಿ, ವಾಪಸು ಕಳಿಸುವುದು. ಫೈಲಿಗೂ ಹೀಗೆ ಒಂದು ಗುರುತಿರುತ್ತದೆ ಎಂದು ಬ್ಯಾಂಕಿನ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಫೈಲಿನೊಳಗೆ ಒಂದು ಚುಕ್ಕೆ ಬದಲಾದರೂ ಆ ಗುರುತು ಪೂರ್ತಿ ಬೇರೆಯಾಗುತ್ತದೆ. ಹವ್ಯಾಸಿಗಳ ವೆಬ್‌ಸೈಟಿನಲ್ಲಿ ಡೌನ್‌ಲೋಡ್ ಗುಂಡಿಯ ಕೆಳಗೇ ಅಂಥದ್ದೊಂದು ಗುರುತು, ಅಂದರೆ ಹ್ಯಾಶ್, ಇತ್ತು. ಅರವತ್ನಾಲ್ಕು ಅಕ್ಷರ, ಅಂಕಿಗಳ ಸಾಲು. ಬೇರೆ ಕಡೆಯಿಂದ ತಂದು ಹಾಕಬೇಡಿ ಎಂದೂ ಬರೆದಿದ್ದರು.

ನಾನು ಅಳಿಯನನ್ನು ಪಕ್ಕಕ್ಕೆ ಸರಿಸಿ ಕೂತು, ಹ್ಯಾಶ್ ತೆಗೆಯುವ ಕಮಾಂಡ್ ಹೊಡೆದೆ. ಪೆನ್‌ಡ್ರೈವಿನ ಫೈಲಿನ ಸಾಲು ಪರದೆಗೆ ಬಂತು. ಮೊದಲ ನಾಲ್ಕು ಅಕ್ಷರಕ್ಕೇ ತಾಳೆ ತಪ್ಪಿತು. ಫೈಲಿನ ಡಿಜಿಟಲ್ ಸಹಿ ನೋಡೋಣವೆಂದರೆ ಸಹಿಯೇ ಇಲ್ಲ. ಮಾಡಿದವರು ಯಾರು ಎಂಬ ಜಾಗದಲ್ಲಿ ‘ಗೊತ್ತಿಲ್ಲ’ ಎಂದಿತ್ತು.

‘ಇದು ಅವರು ಮಾಡಿದ ಫೈಲ್ ಅಲ್ಲ’ ಎಂದೆ.

‘ವರ್ಷನ್ ಬ್ಯಾರೆ ಅದ, ಅದಕ್ಕ ಹ್ಯಾಶ್ ಬ್ಯಾರೆ. ಇಷ್ಟೂ ಗೊತ್ತಿಲ್ಲೇನು ದೀದಿ?’

‘ಹಂಗಾದ್ರ ಈ ವರ್ಷನ್ ಹ್ಯಾಶ್ ಎಲ್ಲೈತಿ, ತೋರಸ್ರಿ. ಮಾಡಿದವ್ರು ಯಾರು, ಅದನ್ನರ ಹೇಳ್ರಿ.’

ಅವರು ಅಪ್ಪನ ಕಡೆ ತಿರುಗಿ ಮತ್ತೆ ನಕ್ಕರು. ಅಪ್ಪನ ಮುಖ ಕೆಂಪಾಯಿತು.

‘ಅವರು ದಿನಾ ಇದನ್ನ ಮಾಡವ್ರು. ನೀ ಸಹಿ ನೋಡಾಕಿ, ಸಹಿ ನೋಡು. ಮನಿಗೆ ಬಂದ ಅಳಿಯಾರ ಮುಂದ ನನ್ನ ಮಾನ ಕಳೀಬ್ಯಾಡ. ಏಳು!’

ಎದ್ದೆ. ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡುತ್ತ ತಿಕ್ಕಿದೆ. ಹೊರಗೆ ರೈಲಿನ ಹಾರ್ನ್ ಕೇಳಿತು. ಚೆಂಬೂರು ಬಂತು ಎಂದು ಅಪ್ಪ ಚಪ್ಪಾಳೆ ತಟ್ಟಿದರು. ಮರುದಿನವೇ ಆ ಪೆನ್‌ಡ್ರೈವನ್ನು ಸ್ನೇಹಿತರ ಮನೆಗೂ ಒಯ್ದು ಕೊಟ್ಟರು.

ಎಂಟು ದಿನ ಎಲ್ಲ ಸರಿಯಿತ್ತು. ಒಂಬತ್ತನೆಯ ದಿನ ಬೆಳಿಗ್ಗೆ ಪರದೆ ತುಂಬ ಇಂಗ್ಲಿಷಿನಲ್ಲಿ ಬೆದರಿಕೆ: ನಿಮ್ಮ ಫೈಲುಗಳಿಗೆಲ್ಲ ಬೀಗ ಹಾಕಿದ್ದೇವೆ, ಬೀಗದ ಕೈ ಬೇಕಾದರೆ ಹಣ ಕಳಿಸಿ. ಅಪ್ಪನ ಕಂಪ್ಯೂಟರಿನಲ್ಲಿ ಆಟ ಬಿಟ್ಟರೆ ಬೇರೇನೂ ಇರಲಿಲ್ಲ. ನಾನು ವೈರು ಕಿತ್ತು ಆಫೀಸಿಗೆ ಹೊರಡುವಷ್ಟರಲ್ಲಿ ಬಾಗಿಲು ದಬದಬ ಬಡಿದ ಸದ್ದಾಯಿತು.

ಅಪ್ಪನ ಸ್ನೇಹಿತರು. ಬನಿಯನ್ ಮೇಲೆಯೇ ಬಂದಿದ್ದರು. ಅವರ ಕಂಪ್ಯೂಟರಿಗೂ ಅದೇ ಬೀಗ ಬಿದ್ದಿತ್ತು. ಅವರ ಹೆಂಡತಿಯ ಫೋಟೊಗಳು, ಆಕೆ ಹಾಡಿದ್ದ ರಾಶಿ ಕಣದ ಹಂತಿಯ ಪದ, ಬೀಸುವ ಪದಗಳ ರೆಕಾರ್ಡಿಂಗ್, ಎಲ್ಲವೂ ಇದ್ದದ್ದು ಅದೊಂದೇ ಕಂಪ್ಯೂಟರಿನಲ್ಲಿ. ಬೇರೆಲ್ಲೂ ನಕಲಿರಲಿಲ್ಲ.

‘ಏನ್ ತಂದು ಕೊಟ್ಟಿಯೋ ನನಗ? ಆಕಿ ದನಿ ಹೋತಲ್ಲೋ!’ ಎಂದು ಅವರು ಅಪ್ಪನ ತೋಳು ಹಿಡಿದು ಅಲುಗಾಡಿಸಿದರು.

ಅಪ್ಪ ನನ್ನ ಕಡೆ ಕೈ ತೋರಿಸಿ, ‘ಅವತ್ತ ಈಕಿ ಏನೋ ಕಮಾಂಡ್ ಹೊಡದ್ಲು. ಆವಾಗಿಂದನ ಹಿಂಗ್ ಆಗೈತಿ’ ಎಂದರು.

ಆ ಮಾತನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಚಪ್ಪಲಿ ಮೆಟ್ಟಿಕೊಂಡು ಸೀದಾ ಸ್ಟೇಷನ್ನಿಗೆ ಹೋದೆ. ಲೋಕಲ್‌ನಲ್ಲಿ ನಿಂತೇ ಅಳಿಯನಿಗೆ ಫೋನ್ ಮಾಡಿ, ಸುತ್ತಲಿನ ಹೆಂಗಸರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಬೈದೆ. ಅವರು ಈ ಸಲ ನಗಲಿಲ್ಲ. ‘ದೀದಿ, ನೀವು ಮತ್ತೇನೋ ಲಿಂಕ್ ಕ್ಲಿಕ್ ಮಾಡಿರಬೇಕು’ ಎಂದು ಫೋನ್ ಇಟ್ಟರು. ಸಂಜೆ ತಂಗಿಯ ಫೋನ್ ಬಂತು, ನಾನು ಅವಳ ಗಂಡನ ಹತ್ತಿರ ಸಾರಿ ಕೇಳಬೇಕಂತೆ. ನಾನು ಕೇಳಲಿಲ್ಲ. ಇವತ್ತಿಗೂ ಅವರು ಬಂದರೆ ಚಹಾ ಕೊಡುತ್ತೇನೆ, ಮಾತು ಕೊಡುವುದಿಲ್ಲ.

ಎರಡು ವಾರ ಅಪ್ಪ, ನಾನು ಒಂದೇ ಮನೆಯಲ್ಲಿ ಮೂಕರಂತೆ ಇದ್ದೆವು. ಆಮೇಲೊಂದು ಶನಿವಾರ ನಾನೇ ಕಂಪ್ಯೂಟರ್ ಪೂರ್ತಿ ಅಳಿಸಿ, ಆಟವನ್ನು ಹೊಸದಾಗಿ ಹಾಕಿ, ಹವ್ಯಾಸಿಗಳ ವೆಬ್‌ಸೈಟಿನಿಂದಲೇ ಹಾರ್ಬರ್ ಲೈನ್ ಇಳಿಸಿದೆ. ಹ್ಯಾಶ್ ತೆಗೆಯುವಾಗ ಅಪ್ಪ ಕನ್ನಡಕ ಹಾಕಿಕೊಂಡು ಬೆನ್ನ ಹಿಂದೆ ಬಂದು ನಿಂತರು.

‘ಓದು’ ಎಂದರು.

ನಾಲ್ಕು ನಾಲ್ಕು ಅಕ್ಷರ ಓದಿದೆ. ಅವರು ವೆಬ್‌ಸೈಟಿನ ಹ್ಯಾಶ್ ಬರೆದುಕೊಂಡಿದ್ದ ಕಾಗದದಲ್ಲಿ ಪೆನ್ಸಿಲಿನಿಂದ ಗೀಟು ಹಾಕುತ್ತ ಹೋದರು. ಅರವತ್ನಾಲ್ಕೂ ತಾಳೆಯಾದವು. ಆದರೆ ಅಪ್ಪ ಆಟಕ್ಕೆ ಕೂರಲಿಲ್ಲ. ಅಂಗಿ ಹಾಕಿಕೊಂಡು, ‘ನಡಿ’ ಎಂದು ಸ್ನೇಹಿತರ ಮನೆಗೆ ಕರೆದುಕೊಂಡು ಹೋದರು.

ಸ್ನೇಹಿತರು ಒಳಬಾಗಿಲು ತೆರೆದರು, ಹೊರಗಿನ ಸರಳಿನ ಬಾಗಿಲು ತೆರೆಯಲಿಲ್ಲ.

‘ತಪ್ಪು ನಂದು. ನನ್ನ ಮಗಳು ಬ್ಯಾಡ ಅಂದಿದ್ಲು, ನಾ ಕೇಳಲಿಲ್ಲ’ ಎಂದರು ಅಪ್ಪ.

‘ಈಗ ಹೇಳಿದ್ರ ಆಕಿ ಹಾಡು ಬರ್ತಾವೇನು?’ ಎಂದು ಅವರು ಬಾಗಿಲು ಹಾಕಿಕೊಂಡರು.

ಅಪ್ಪ ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದರು. ಎರಡನೆಯ ಮಹಡಿಯಲ್ಲಿ ನಿಂತು, ನನ್ನ ಮುಖ ನೋಡದೆಯೇ ಸಿಡುಕಿದರು: ‘ಅಳಿಯಾರು ಬಂದ ದಿನಾನ ನೀ ವೈರ್ ಕಿತ್ತು ಒಗೀಬೇಕಿತ್ತು.’

‘ಒಗದಿದ್ರ ನೀ ನನ್ನನ್ನ ಮನಿಯಿಂದ ಹೊರಗ ಹಾಕ್ತಿದ್ದಿ.’

‘ಹೂಂ, ಹಾಕ್ತಿದ್ದೆ’ ಎಂದರು ಅಪ್ಪ, ಮತ್ತು ನನ್ನನ್ನು ಬಿಟ್ಟು ಮುಂದೆ ಇಳಿದುಹೋದರು.