ಸೀಟು ಹಿಡಿದುಕೊಟ್ಟ ವೀರ

ಹೆಂಗಸರಿಗೆ ತೀರಾ ಮರ್ಯಾದೆ ಕೊಡುವ ಗಂಡಸರನ್ನು ಕಂಡರೆ ನನಗೆ ಮೊದಲಿನಿಂದಲೂ ಒಂಥರಾ ಡೌಟು. (ಈ ಸಾಲು ಓದಿದ ನನ್ನ ಗಂಡ, 'ಹಂಗಾರ ನಾ ಸೇಫ್' ಎಂದರು.) ಕಳೆದ ಸೋಮವಾರ ಮಾತ್ರ ಆ ಡೌಟನ್ನು ಬಳ್ಳಾರಿ ಗಾಂಧಿನಗರದ ಮನೆಯಲ್ಲೇ ಬಿಟ್ಟು ಬಸ್ ಹತ್ತಿದ್ದೆ. ಕಾರಣ, ಬ್ಯಾಗಿನಲ್ಲಿದ್ದ ಪಾಠ.

ನಾನು ಸಿರುಗುಪ್ಪದ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುವುದು ನಿಮಗೆ ಗೊತ್ತೇ ಇದೆ. ಅವತ್ತಿನ ಪಾಠ ಮಧ್ಯಯುಗದ ಯುರೋಪಿನ ನೈಟ್‌ಗಳದ್ದು. ಕುದುರೆ, ಕತ್ತಿ, ಉಕ್ಕಿನ ಕವಚ. ಸುಳ್ಳಾಡುವುದಿಲ್ಲ, ದುರ್ಬಲರ ಕೈ ಬಿಡುವುದಿಲ್ಲ, ಹೆಂಗಸರ ಮಾನ ಕಾಯುತ್ತೇವೆ ಎಂದು ಮೊಣಕಾಲೂರಿ ಆಣೆ ಮಾಡಿದ ವೀರರು. ಓದುತ್ತಾ ಓದುತ್ತಾ ನಾನೇ ಕರಗಿಹೋಗಿದ್ದೆ.

ಬಳ್ಳಾರಿ ಸ್ಟ್ಯಾಂಡಿನಲ್ಲಿ ಕುರುಗೋಡು ಮೇಲೆ ಸಿರುಗುಪ್ಪಕ್ಕೆ ಹೋಗುವ ಬಸ್ಸು ನಿಲ್ಲುವ ಮೊದಲೇ ಕಿಟಕಿಗಳಿಂದ ಟವೆಲ್ಲು, ಚೀಲ, ಕರ್ಚೀಫು ಒಳಗೆ ಬಿದ್ದವು. ಟವೆಲ್ ಬಿದ್ದ ಸೀಟು ಟವೆಲ್ಲಿನ ಒಡೆಯನದ್ದು. ಇದು ನಮ್ಮ ಕಡೆಯ ಕಾನೂನು, ಕಂಡಕ್ಟರೂ ಮೀರುವುದಿಲ್ಲ. ಆ ವಿದ್ಯೆ ನನಗೆ ಒಲಿದಿಲ್ಲ, ನಿಂತೇ ಹೋಗುವುದು ರೂಢಿ.

'ಮೇಡಂ, ಇಲ್ಲಿ ಬರ್ರಿ. ಕಿಟಕಿ ಕಡಿ ಕುಂದರ್ರಿ.'

ಬಿಳಿ ಅಂಗಿಯ ಹಿರಿಯರೊಬ್ಬರು ಮೂರು ಜನರ ಸೀಟಿನ ಮೇಲಿಂದ ತಮ್ಮ ಟವೆಲ್ ತೆಗೆದರು. ತಾವು ಈ ತುದಿಗೆ ಕೂತು, ನಡುವೆ ಚೀಲ ಇಟ್ಟರು. 'ಹೆಣ್ಮಕ್ಕಳು ನಿಂತಾಗ ನಾವು ಕುಂದ್ರೋದು ಚಂದೇನ್ರಿ?' ಎಂದರು. ಆಹಾ! ಪಾಠಕ್ಕೆ ಉದಾಹರಣೆ ಬಸ್ಸಿನಲ್ಲೇ ರೆಡಿ ಎಂದುಕೊಂಡೆ.

ಕುರುಗೋಡಿನಲ್ಲಿ ತುಂಬು ಬಸುರಿಯೊಬ್ಬಳು ಹತ್ತಿದಳು. ಒಬ್ಬಳೇ. ಕೈಯಲ್ಲಿ ಆಸ್ಪತ್ರೆಯ ಫೈಲು, ಪಾದಗಳು ಬಾತು ಚಪ್ಪಲಿಯ ಪಟ್ಟಿ ಒಳಗೆ ಹೂತಿತ್ತು. ಹಿರಿಯರು ಕೂಡಲೇ ಚೀಲಕ್ಕೆ ಕೈ ಹಾಕಿದರು. ಎತ್ತುವ ಮೊದಲು ಒಂದು ಪ್ರಶ್ನೆ ಕೇಳಿದರು.

'ಯವ್ವಾ, ನೀ ಯಾವ ಓಣ್ಯಾಕಿ?'

ಆಕೆ ಊರಂಚಿನ ಓಣಿಯ ಹೆಸರು ಹೇಳಿದಳು. (ಹೀಗೆ ಓಣಿ ಕೇಳುವುದು ವಿಳಾಸಕ್ಕಲ್ಲ, ಜಾತಿಗೆ. ನಿಮಗೂ ಗೊತ್ತು, ನನಗೂ ಗೊತ್ತು, ಆಕೆಗಂತೂ ಗೊತ್ತೇ ಇತ್ತು.) ಚೀಲ ಅಲ್ಲೇ ಉಳಿಯಿತು. 'ಮುಂದ ನಮ್ಮೋರೊಬ್ರು ಹತ್ತೋರದಾರ' ಎಂದರು. ಆಕೆ ಕಂಬಿ ಹಿಡಿದು ನಿಂತಳು.

ನಾನೇನು ಮಾಡಿದೆ? ಕಿಟಕಿಯಾಚೆ ನೋಡಿದೆ. ಸೀಟು ಕೊಟ್ಟವರ ಮುಖ ಮುರಿಯುವುದು ಹೇಗೆ ಎಂಬ ದಾಕ್ಷಿಣ್ಯ. ಎರಡು ಊರು ದಾಟಿದವು. ಡ್ರೈವರ್ ಜೋರಾಗಿ ಬ್ರೇಕ್ ಹಾಕಿದಾಗ ಆಕೆ ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಳು. ನನಗೆ ನನ್ನ ಮೇಲೇ ಅಸಹ್ಯವಾಯಿತು. ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು, 'ಬಾರವ್ವ, ಇಲ್ಲಿ ಕುಂದ್ರು' ಎಂದೆ.

'ನಿಮಗ ಅಡಚಣಿ ಆಗಬಾರ್ದಂತ ಇಟ್ಟಿದ್ನಿರಿ, ಮೇಡಂ' ಎಂದರು ಹಿರಿಯರು.

ಅಂದರೆ ಅದೂ ನನ್ನ ಗೌರವಾರ್ಥವೇ! ಮುಂದೆ ಹತ್ತಬೇಕಿದ್ದ 'ನಮ್ಮೋರು' ಎಲ್ಲಿ ಮಾಯವಾದರೋ. ಆಕೆ ಬಂದು ಕೂರುತ್ತಿದ್ದಂತೆ ಅವರು ತಟ್ಟನೆ ಎದ್ದರು. ಚೀಲ ಇಸಿದುಕೊಂಡು, 'ಆರಾಮ ಕುಂದರ್ರಿ' ಎಂದು ನಕ್ಕು, ದೂರ ಹೋಗಿ ನಿಂತರು. ಖಾಲಿಯಾದ ಅವರ ಜಾಗದಲ್ಲಿ ಒಬ್ಬ ಅಜ್ಜಿ ಕೂತಳು. ಸಿರುಗುಪ್ಪದವರೆಗೂ ಅವರು ನಿಂತೇ ಇದ್ದರು.

ಮುಂದಿನಿಂದ ಟಿಕೆಟ್ ಕೊಡುತ್ತಾ ಬಂದ ಕಂಡಕ್ಟರ್ ನಮ್ಮನ್ನು ನೋಡಿದ, ಅವರನ್ನು ನೋಡಿದ. 'ಮೂರು ಮಂದಿ ಹೆಣ್ಮಕ್ಕಳಿಗೆ ಸೀಟು ಬಿಟ್ಟು ತಾವು ನಿಂತಾರ ನೋಡ್ರಿ. ಇಂಥಾ ಮಂದಿ ಈಗ ಎಲ್ಲಿ ಸಿಗ್ತಾರ್ರಿ?' ಎಂದು ಇಡೀ ಬಸ್ಸಿಗೆ ಕೇಳುವಂತೆ ಹೊಗಳಿದ. ಜನ ತಲೆಯಾಡಿಸಿದರು. ಹಿರಿಯರು ಇಲ್ಲ ಎನ್ನಲಿಲ್ಲ, ವಿನಯದಿಂದ ತಲೆ ತಗ್ಗಿಸಿದರು. ನನ್ನ ಪಕ್ಕದವಳು ಫೈಲನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು.

ಕ್ಲಾಸಿನಲ್ಲಿ ಅದೇ ಪಾಠ ತೆರೆದೆ. ವೀರರು ಕಾಪಾಡಿದವರೆಲ್ಲ ರಾಣಿಯರು, ರಾಜಕುಮಾರಿಯರು. ಹೊಲದಲ್ಲಿ ದುಡಿಯುವ ಹೆಂಗಸು ಇಡೀ ಪಾಠದಲ್ಲಿ ಒಬ್ಬಳೂ ಇಲ್ಲ. ಇಷ್ಟು ವರ್ಷ ಕಲಿಸಿದ ನನಗೆ ಇದು ಯಾಕೆ ಕಾಣಲಿಲ್ಲ?

ಅಂದಹಾಗೆ, ಆ ನೈಟ್‌ಗಳ ಕಥೆಗಳನ್ನೆಲ್ಲ ಬರೆದವರು ಯಾರು, ನಮ್ಮ ಕಂಡಕ್ಟರೇ?